ದಾನದ ಹಸುವಿನ ಹಲ್ಲು

ಹಾಸ್ಪೈಸ್ ಬಗ್ಗೆ ನಮ್ಮಲ್ಲಿ ಯಾರೂ ಕೆಟ್ಟ ಮಾತಾಡುವುದಿಲ್ಲ. ಕಾರ್ಪೊರೇಟ್ ಆಸ್ಪತ್ರೆಯ ಬಿಲ್ಲನ್ನು ನೆನೆದು ಗಂಟೆಗಟ್ಟಲೆ ಬೈಯುವ ಮನುಷ್ಯ, ಅಪ್ಪನ ಕೊನೆಯ ದಿನಗಳನ್ನು ನೋಡಿಕೊಂಡ ಹಾಸ್ಪೈಸಿನ ಹೆಸರೆತ್ತಿದರೆ ಕೈಮುಗಿಯುತ್ತಾನೆ. "ದೇವರಂಥ ಜನ ಸಾರ್, ಒಂದು ಪೈಸೆ ಮುಟ್ಟಲಿಲ್ಲ." ಆ ಕೃತಜ್ಞತೆ ನಿಜವಾದದ್ದು. ಬಹಳಷ್ಟು ಕಡೆ ಅದಕ್ಕೆ ಅರ್ಹರಾದವರೇ ಅದನ್ನು ಪಡೆಯುತ್ತಿದ್ದಾರೆ. ಆದರೂ ಒಂದು ಸಣ್ಣ ತಕರಾರು ಎತ್ತಬೇಕು ಅನ್ನಿಸುತ್ತದೆ. ಹಾಸ್ಪೈಸ್ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಮನೆಯವರ ಮೆಚ್ಚುಗೆಯನ್ನು ನಂಬಿ ಕೂರುವುದು ಸರಿಯಲ್ಲ. ಎಷ್ಟೋ ಸಲ ಅದು ದಾರಿ ತಪ್ಪಿಸುತ್ತದೆ.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ಹಸು ತನ್ನ ಕೊಟ್ಟಿಗೆಗೇ ಬರುವುದಾದರೆ ಈ ಗಾದೆಯಲ್ಲಿ ತಪ್ಪೇನಿಲ್ಲ. ಹಾಸ್ಪೈಸಿನಲ್ಲಿ ದಾನ ಪಡೆಯುವವನು ಹಾಸಿಗೆಯಲ್ಲಿರುವ ರೋಗಿ, ಥ್ಯಾಂಕ್ಸ್ ಹೇಳುವವನು ಮಗ. ರೋಗಿ ತನ್ನ ಅಭಿಪ್ರಾಯ ಹೇಳಲು ಉಳಿದಿರುವುದಿಲ್ಲ. ಮಗ ಹೋಲಿಸಿ ನೋಡುವುದಾದರೂ ಯಾವುದರ ಜೊತೆ? ಹಿಂದಿನ ತಿಂಗಳು ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು ನೋಡಿದ ಐಸಿಯು ಜೊತೆ. ಅದರ ಪಕ್ಕದಲ್ಲಿ, ಹೆಸರು ಹಿಡಿದು ಕರೆಯುವ ಒಬ್ಬ ಸಿಸ್ಟರ್ ಇದ್ದರೂ ಆ ಜಾಗ ಸ್ವರ್ಗ ಅನ್ನಿಸುತ್ತದೆ. ನೋವಿಗೆ ಸರಿಯಾದ ಔಷಧ ಸಿಕ್ಕಿತೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಮನೆಯವರಿಗೆ ಒಪ್ಪಿಗೆಯಾಗುವುದೂ ರೋಗಿಗೆ ಒಳ್ಳೆಯದಾಗುವುದೂ ಒಂದೇ ಎಂದು ನಾವು ಸಲೀಸಾಗಿ ನಂಬುತ್ತೇವೆ. ಅವೆರಡೂ ಬೇರೆಯಾಗುವುದು ಊಟದ ವಿಷಯದಲ್ಲಿ. ಸಾವು ಹತ್ತಿರ ಬಂದಾಗ ಮನುಷ್ಯನಿಗೆ ಹಸಿವು ಹೋಗುತ್ತದೆ, ನುಂಗುವ ಶಕ್ತಿಯೂ ಹೋಗುತ್ತದೆ. ಆಗ ಗ್ಲೂಕೋಸ್ ಏರಿಸಿದರೆ ಕೈಕಾಲು ಊದಿಕೊಳ್ಳಬಹುದು, ಎದೆಯಲ್ಲಿ ದ್ರವ ತುಂಬಿ ಉಸಿರು ಗೊರಗೊರ ಎನ್ನಬಹುದು. ಬಾಯಿ ಒಣಗುವ ಸಂಕಟಕ್ಕೆ ಡ್ರಿಪ್‌ಗಿಂತ ಒದ್ದೆ ಹತ್ತಿಯಲ್ಲಿ ತುಟಿ, ನಾಲಿಗೆ ಒರೆಸುತ್ತಿರುವುದೇ ಹೆಚ್ಚು ಉಪಕಾರಿ. ತಿಳಿದ ಹಾಸ್ಪೈಸ್ ಇದನ್ನು ಮನೆಯವರಿಗೆ ಕೂರಿಸಿ ಹೇಳುತ್ತದೆ, ಮೂಗಿಗೆ ರೈಲ್ಸ್ ಟ್ಯೂಬ್ ಹಾಕಲು ಒಪ್ಪುವುದಿಲ್ಲ. ಮಗಳು ಕೇಳಿಸಿಕೊಂಡು ತಲೆಯಾಡಿಸುತ್ತಾಳೆ. ಊರಿಂದ ಬಂದ ಸೋದರಮಾವ ತಲೆಯಾಡಿಸುವುದಿಲ್ಲ. "ಉಪವಾಸ ಕೆಡವಿ ಸಾಯಿಸಿದರು" ಎಂಬ ಮಾತು ತಿಥಿಯ ಪಂಕ್ತಿಯಲ್ಲಿ ಹುಟ್ಟಿ ಇಂಟರ್‌ನೆಟ್ಟಿಗೂ ಹೋಗುತ್ತದೆ, ಒಂದು ನಕ್ಷತ್ರದ ಜೊತೆಗೆ. ಕೇಳಿದವರಿಗೆಲ್ಲ ಡ್ರಿಪ್ ಏರಿಸಿದ ಇನ್ನೊಂದು ಕಡೆಗೆ ಐದು ನಕ್ಷತ್ರ.

ರೋಗದ ಹೆಸರು ಹೇಳುವ ವಿಷಯದಲ್ಲೂ ಹೀಗೆಯೇ. "ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ" ಎಂದು ಮಕ್ಕಳು ಬಾಗಿಲಲ್ಲೇ ಸಿಸ್ಟರ್‌ಗೆ ಹೇಳಿರುತ್ತಾರೆ. ಒಳಗೆ ಅಮ್ಮ ಅದೇ ಸಿಸ್ಟರನ್ನು, "ಮಕ್ಕಳಿಗೆ ಹೇಳ್ಬೇಡಮ್ಮ, ನಂಗೆ ಗೊತ್ತು" ಎಂದು ಕೇಳಿಕೊಂಡಿರುತ್ತಾಳೆ. ಮಕ್ಕಳು ಹೇಳಿದಂತೆ ಬಾಯಿ ಮುಚ್ಚಿಕೊಂಡಿರುವ ಸಂಸ್ಥೆಗೆ ಮೆಚ್ಚುಗೆ ಸುಲಭವಾಗಿ ಸಿಗುತ್ತದೆ. ಇಬ್ಬರನ್ನೂ ಒಂದೇ ಮಾತಿಗೆ ತರಲು ದಿನಗಟ್ಟಲೆ ಹೆಣಗುವವರು ನಡುವೆ ಬೈಗುಳ ತಿನ್ನುತ್ತಾರೆ.

ಇನ್ನು "ಎಷ್ಟು ಶಾಂತವಾಗಿ ಮಲಗಿದ್ದರು" ಎಂಬ ಹೊಗಳಿಕೆ. ನೋವು ಇಳಿದು ನಿದ್ದೆ ಬಂದ ಮುಖವೂ ಶಾಂತ, ಬೇಕಾದ್ದಕ್ಕಿಂತ ಹೆಚ್ಚು ಮಂಪರಿನ ಔಷಧ ಕೊಟ್ಟ ಮುಖವೂ ಶಾಂತ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಎರಡರ ವ್ಯತ್ಯಾಸ ಕಾಣುವುದಿಲ್ಲ. ಮೊಮ್ಮಗಳು ಬರುವವರೆಗೆ ಎಚ್ಚರವಾಗಿರಬೇಕೆಂದು ಸ್ವಲ್ಪ ನೋವನ್ನು ತಾನಾಗಿ ಒಪ್ಪಿಕೊಂಡ ರೋಗಿ ನರಳುತ್ತಿರಬಹುದು. ನೋಡಿದವರು ಆ ಸಂಸ್ಥೆಯನ್ನೇ ದೂರುತ್ತಾರೆ.

ಹಾಗಾದರೆ ಏನನ್ನು ನೋಡಬೇಕು? ನನ್ನ ಉತ್ತರ ಸ್ವಲ್ಪ ನೀರಸವಾದದ್ದು. ಕರುಣೆಯನ್ನು ಸದ್ಯಕ್ಕೆ ಬದಿಗಿಟ್ಟು ಪುಸ್ತಕ ನೋಡಿ ಅನ್ನುತ್ತೇನೆ. ರಿಜಿಸ್ಟರು, ಚಾರ್ಟು, ರಾತ್ರಿ ಪಾಳಿಯ ಪಟ್ಟಿ.

ಹಾಸ್ಪೈಸ್ ಎಂಬ ಆಧುನಿಕ ಕಲ್ಪನೆ ಹುಟ್ಟಿದ್ದೇ ಇಂಥ ಪುಸ್ತಕಗಳಿಂದ. ಸಿಸಿಲಿ ಸಾಂಡರ್ಸ್ ಅವರನ್ನು ಲೋಕ ಕರುಣಾಮಯಿ ಎಂದು ನೆನೆಯುತ್ತದೆ. ನರ್ಸ್ ಆಗಿ, ಆಸ್ಪತ್ರೆಯ ಸಮಾಜಕಾರ್ಯಕರ್ತೆಯಾಗಿ, ಆಮೇಲೆ ವೈದ್ಯೆಯಾದ ಆಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದರು. ಅದಕ್ಕೂ ಮೊದಲು ಅದೇ ಊರಿನ ಸೇಂಟ್ ಜೋಸೆಫ್ಸ್ ಹಾಸ್ಪೈಸಿನಲ್ಲಿ ವರ್ಷಗಟ್ಟಲೆ ಕೂತು ಸಾವಿರಕ್ಕೂ ಹೆಚ್ಚು ರೋಗಿಗಳ ನೋವನ್ನು, ಔಷಧವನ್ನು, ಪರಿಣಾಮವನ್ನು ದಾಖಲಿಸಿದ್ದರು. ನೋವು ಮರುಕಳಿಸಿ ರೋಗಿ ಬೇಡಿಕೊಳ್ಳುವವರೆಗೆ ಕಾಯದೆ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡಬೇಕು ಎಂದು ಅವರು ಪಟ್ಟು ಹಿಡಿದದ್ದು ಆ ದಾಖಲೆಗಳ ಬಲದಿಂದ. ಮೃದು ಮನಸ್ಸು ಆಗಿನ ಆಸ್ಪತ್ರೆಗಳಲ್ಲೂ ಇದ್ದಿರಬೇಕು. ಗಡಿಯಾರ ನೋಡುವ ಅಭ್ಯಾಸ ಇರಲಿಲ್ಲ.

ಭಾರತದಲ್ಲಿ ಮಾರ್ಫಿನ್ ಕಥೆ ಇನ್ನೂ ಕಠಿಣ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಮಾರ್ಫಿನ್‌ಗೆ ಮೂಲವಾದ ಅಫೀಮನ್ನು ಸರ್ಕಾರದ ಪರವಾನಗಿಯಲ್ಲೇ ಬೆಳೆಯುವ ದೇಶ ನಮ್ಮದು. ಆದರೂ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದಮೇಲೆ ಲೈಸೆನ್ಸುಗಳ ಗೋಜಲಿಗೆ ಹೆದರಿ ಬಹಳಷ್ಟು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಆ ಭಯದಲ್ಲೇ ಒಂದು ತಲೆಮಾರಿನ ವೈದ್ಯರು ಓದಿ ಹೊರಬಂದರು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ದಾರಿ ಸುಗಮ ಮಾಡಿತು. ಹಾಗಾಗಿ ಯಾವುದೇ ಹಾಸ್ಪೈಸಿಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ: ಬಾಯಿಯಿಂದ ಕೊಡುವ ಮಾರ್ಫಿನ್ ಇಟ್ಟಿದ್ದೀರಾ? ಕಳೆದ ವರ್ಷದಲ್ಲಿ ಸ್ಟಾಕ್ ಖಾಲಿಯಾಗಿತ್ತೇ? ಪ್ರಶ್ನೆ ಒರಟಾಗಿ ಕೇಳಿಸಬಹುದು. ಕೆಲಸ ಬಲ್ಲವರು ಬೇಸರಿಸುವುದಿಲ್ಲ, ರಿಜಿಸ್ಟರನ್ನೇ ತೋರಿಸುತ್ತಾರೆ. ನಮ್ಮ ದೇಶದ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ತಜ್ಞರೇ ಸೇರಿ ಮಾಡಿ 2014ರಲ್ಲಿ ಪ್ರಕಟಿಸಿದ ಕನಿಷ್ಠ ಮಾನದಂಡಗಳಲ್ಲೂ ನೋವನ್ನು ದಾಖಲಿಸುವ ಪದ್ಧತಿ, ತಡೆಯಿಲ್ಲದ ಮಾರ್ಫಿನ್ ಪೂರೈಕೆ ಎರಡೂ ಇವೆ.

ಎರಡನೆಯ ಪ್ರಶ್ನೆ ಕಕ್ಕಸಿನದು. ಮಾರ್ಫಿನ್ ತೆಗೆದುಕೊಳ್ಳುವ ಬಹುತೇಕ ಎಲ್ಲರಿಗೂ ಮಲ ಕಟ್ಟುತ್ತದೆ. ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ, ಮಲಬದ್ಧತೆ ಮಾತ್ರ ಬಿಡುವುದಿಲ್ಲ. ಮಾರ್ಫಿನ್ ಬರೆದ ಕೈಯೇ ಭೇದಿಯ ಮಾತ್ರೆಯನ್ನೂ ಬರೆಯಬೇಕು ಎಂದು ಈ ಕಸುಬಿನವರು ಹೇಳಿಕೊಳ್ಳುತ್ತಾರೆ. ನಾಲ್ಕು ದಿನ ಹೊಟ್ಟೆ ಕಟ್ಟಿದ ಮುದುಕ ಹಾಸಿಗೆಯಲ್ಲಿ ಹೊರಳಾಡುತ್ತಾನೆ, ಏನೇನೋ ಬಡಬಡಿಸುತ್ತಾನೆ. ನೋಡಿದವರು ಸಾವಿನ ಸಂಕಟ ಅಂದುಕೊಳ್ಳುತ್ತಾರೆ. ಚಾರ್ಟಿನಲ್ಲಿ ನೋವಿನ ಅಂಕದ ಪಕ್ಕ ಮಲವಿಸರ್ಜನೆಯ ದಿನಾಂಕವೂ ಇದ್ದರೆ, ಆ ವಾರ್ಡಿನಲ್ಲಿ ಯಾರೋ ತಲೆ ಓಡಿಸುತ್ತಿದ್ದಾರೆ ಎಂದು ತಿಳಿಯಬಹುದು. ಆ ಅಂಕವನ್ನು ಹೇಗೆ ಕೇಳುತ್ತಾರೆ ಎಂಬುದನ್ನೂ ಗಮನಿಸಿ. ಸೊನ್ನೆಯಿಂದ ಹತ್ತರ ಅಳತೆ ಪಟ್ಟಣದ ರೋಗಿಗೆ ಸರಿ. "ರೂಪಾಯಿಗೆ ಎಷ್ಟಾಣೆ ನೋವು ಕಮ್ಮಿಯಾಗಿದೆ ಅಜ್ಜಾ?" ಎಂದು ಕೇಳುವ ಸಿಸ್ಟರ್‌ಗೆ "ಎಂಟಾಣೆ" ಎಂಬ ಉತ್ತರ ತಡವಿಲ್ಲದೆ ಬರುತ್ತದೆ.

ಮೂರನೆಯದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ಮೂಗು ಸಾಕು. ಹೊಗೆಸೊಪ್ಪು, ಗುಟ್ಕಾ ದಯೆಯಿಂದ ನಮ್ಮಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಹೆಚ್ಚು. ಕೆನ್ನೆ ತೂತಾಗಿ ಕೊಳೆಯುವ ಹುಣ್ಣಿನ ವಾಸನೆ ಎಂಥದೆಂದರೆ ಸ್ವಂತ ಹೆಂಡತಿ, ಮಕ್ಕಳೇ ಹತ್ತಿರ ಕೂರಲಾರರು. ರೋಗಿಗೂ ಅದು ಗೊತ್ತಾಗುತ್ತದೆ, ಅವನು ಗೋಡೆ ಕಡೆ ತಿರುಗಿ ಮಲಗುತ್ತಾನೆ. ಇದಕ್ಕೆ ದುಬಾರಿ ಮದ್ದೇನೂ ಬೇಡ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಉದುರಿಸಿ, ತಪ್ಪದೆ ಡ್ರೆಸ್ಸಿಂಗ್ ಬದಲಿಸುತ್ತಿದ್ದರೆ ವಾಸನೆ ಬಹಳ ಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ವಾರ್ಡಿಗೆ ಕಾಲಿಟ್ಟ ಕೂಡಲೇ ಊದುಬತ್ತಿಯ ಗಮಗಮ ಹೊಡೆದರೆ ಭಕ್ತಿಭಾವಕ್ಕಿಂತ ಮೊದಲು ಸ್ವಲ್ಪ ಅನುಮಾನ ಬರಲಿ.

ಕಟ್ಟಡ, ತೋಟ, ಕೊಳ ಇವು ಲೆಕ್ಕಕ್ಕಿಲ್ಲ ಎಂದಲ್ಲ. ಬೆಂಗಳೂರಿನ ಮಾರತಹಳ್ಳಿ ಬಳಿಯ ಕರುಣಾಶ್ರಯ ಹಾಸ್ಪೈಸಿನ ಕಟ್ಟಡವನ್ನು ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ್ದಾರೆ. ಅಲ್ಲಿನ ಕಲ್ಲಿನ ಗೋಡೆ, ನೀರಿನ ಕೊಳವನ್ನು ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ಅದನ್ನು ನಡೆಸುವ ಟ್ರಸ್ಟ್ ಶುರುವಾದದ್ದು 1994ರಲ್ಲಿ, ಒಳರೋಗಿಗಳ ಕಟ್ಟಡ ತೆರೆದದ್ದು 1999ರಲ್ಲಿ. ನಡುವಿನ ವರ್ಷಗಳಲ್ಲಿ ಕೆಲಸ ನಡೆದದ್ದು ರೋಗಿಗಳ ಮನೆಗೆ ಹೋಗಿ. ಕೇರಳದಲ್ಲೂ 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಹಚ್ಚಿದ ಉಪಶಾಮಕ ಆರೈಕೆಯ ಕೆಲಸ ಹಬ್ಬಿದ್ದು ಮನೆ ಭೇಟಿಯಿಂದ, ಊರಿನ ಸ್ವಯಂಸೇವಕರಿಂದ. ಅಂಥ ಆರೈಕೆಯನ್ನು ಫೋಟೊ ಹಿಡಿಯಲಾಗದು. ದೇಣಿಗೆದಾರರನ್ನು ಕರೆದುಕೊಂಡು ಹೋಗಿ ತೋರಿಸುವುದೂ ಕಷ್ಟ.

ಇಷ್ಟಾದಮೇಲೆ, ಎಲ್ಲವನ್ನೂ ಅಂಕಿಗಳಿಗೆ ಬಿಟ್ಟುಬಿಡಿ ಎಂದು ನಾನು ವಾದಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಅಮೆರಿಕದವರು ಆ ದಾರಿಯನ್ನೂ ತುಳಿದು ನೋಡಿದ್ದಾರೆ. ಅಲ್ಲಿ 1982ರ ಕಾನೂನಿನಿಂದ ಹಾಸ್ಪೈಸ್ ಖರ್ಚನ್ನು ಸರ್ಕಾರಿ ವಿಮೆಯಾದ ಮೆಡಿಕೇರ್ ಭರಿಸುತ್ತದೆ. ಆರು ತಿಂಗಳಿಗಿಂತ ಹೆಚ್ಚು ಬದುಕುವುದು ಅನುಮಾನ ಎಂದು ವೈದ್ಯರು ಬರೆದುಕೊಟ್ಟರೆ ದಿನಕ್ಕಿಷ್ಟು ಎಂದು ಹಣ ಬರುತ್ತದೆ. ರೋಗಿ ತೀರಿಕೊಂಡ ಮೇಲೆ ಆರೈಕೆ ಮಾಡಿದ ಮನೆಯವರಿಗೆ ಪ್ರಶ್ನಾವಳಿ ಹೋಗುತ್ತದೆ. ಅದರ ಮೇಲೆ ನಕ್ಷತ್ರಗಳನ್ನೂ ಕೊಡುತ್ತಾರೆ. ಇಷ್ಟೆಲ್ಲ ವ್ಯವಸ್ಥೆಯ ನಡುವೆಯೇ, 2022ರಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯ ಲೆಕ್ಕಪರಿಶೋಧಕರು ಲಾಸ್ ಏಂಜಲಿಸ್ ಕೌಂಟಿಯಲ್ಲಿ ನಾಯಿಕೊಡೆಗಳಂತೆ ಎದ್ದ ಹಾಸ್ಪೈಸ್ ಕಂಪನಿಗಳ ಬಗ್ಗೆ, ಮೋಸದ ಲಕ್ಷಣಗಳ ಬಗ್ಗೆ ವರದಿ ಕೊಡಬೇಕಾಯಿತು. ಆ ಲಕ್ಷಣಗಳಲ್ಲಿ ಒಂದು, ಜೀವಂತವಾಗಿ ಡಿಸ್ಚಾರ್ಜ್ ಆದವರ ಸಂಖ್ಯೆ ವಿಪರೀತವಾಗಿರುವುದು. ಸಾಯುವ ಸ್ಥಿತಿಯೇ ಇಲ್ಲದವರನ್ನು ದಿನದ ದುಡ್ಡಿಗಾಗಿ ಸೇರಿಸಿಕೊಂಡಿದ್ದರು ಎಂಬ ಸಂಶಯ ಅದರಿಂದ ಬರುತ್ತದೆ.

ಇದೇ ಅಂಕಿಯನ್ನು ಬೆಂಗಳೂರಿಗೆ ತಂದು ನೋಡಿ. ರೋಗಿಯಿಂದ ಹಣವನ್ನೇ ಪಡೆಯದ ಇಲ್ಲಿನ ಹಾಸ್ಪೈಸ್‌ನಿಂದ ಜನ ಜೀವಂತವಾಗಿ ಮನೆಗೆ ಹೋಗುತ್ತಿದ್ದರೆ ಅದು ಶುಭ ಸೂಚನೆ. ನೋವು ಹಿಡಿತಕ್ಕೆ ಬಂತು, ಹುಣ್ಣು ಕಟ್ಟುವುದನ್ನು ಮಗಳು ಕಲಿತಳು, ಹದಿನೈದು ದಿನದ ಔಷಧ ಕಟ್ಟಿಕೊಟ್ಟರು, ಅಜ್ಜಿ ತನ್ನ ಹಟ್ಟಿಗೆ ಹೋದಳು. ಒಳಗೆ ಹೋದವರು ಹೋದಂತೆಯೇ ಎಂಬ ಹಾಸ್ಪೈಸ್‌ಗಿಂತ ಇದು ಎಷ್ಟೋ ವಾಸಿ. ಬೆಡ್‌ಸೋರ್ ಲೆಕ್ಕವೂ ಹೀಗೆ ಮೋಸ ಮಾಡುತ್ತದೆ. ಸಾಮಾನ್ಯ ಆಸ್ಪತ್ರೆಯಲ್ಲಿ ಬೆಡ್‌ಸೋರ್ ಆಯಿತೆಂದರೆ ಬಹುತೇಕ ನಿರ್ಲಕ್ಷ್ಯ. ಹಾಸ್ಪೈಸ್‌ಗೆ ಎಷ್ಟೋ ಜನ ಬೆಡ್‌ಸೋರ್ ಹೊತ್ತುಕೊಂಡೇ ಬರುತ್ತಾರೆ. ಕೊನೆಯ ದಿನಗಳಲ್ಲಿ ಚರ್ಮ ತಾನಾಗಿಯೇ ಸೋಲುತ್ತದೆ, ಮೂಳೆಗೆ ಕ್ಯಾನ್ಸರ್ ಹರಡಿದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು ಹಿಂಸೆಯೂ ಆಗಬಹುದು. ನಮ್ಮಲ್ಲಿ ಒಂದೂ ಬೆಡ್‌ಸೋರ್ ಇಲ್ಲ ಎಂದು ಜಂಬ ಕೊಚ್ಚುವವರನ್ನು ನಾನಂತೂ ಎರಡು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ.

ದೇಶಗಳ ಪಟ್ಟಿಯ ಬಗ್ಗೆ ಒಂದೇ ಮಾತು. ಸಾವಿನ ಗುಣಮಟ್ಟದ ಸೂಚ್ಯಂಕ ಎಂದು ಎಕನಾಮಿಸ್ಟ್ ಬಳಗದವರು ಮಾಡಿದ ಪಟ್ಟಿಯಲ್ಲಿ 2015ರಲ್ಲಿ ಭಾರತ 80ರಲ್ಲಿ 67ನೆಯದು. ಸರ್ಕಾರದ ಮುಂದಿಡಲು ಅದು ಉಪಯುಕ್ತ, ಅಪ್ಪನಿಗೆ ಜಾಗ ಹುಡುಕುವ ಮಗನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಈಗ ಆ ಮಗ ಎಷ್ಟೋ ಸಲ ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇರುತ್ತಾನೆ, ಮೈಸೂರಿನ ಅಪ್ಪನಿಗಾಗಿ ಮೊಬೈಲಿನಲ್ಲಿ ನಕ್ಷತ್ರ ಎಣಿಸುತ್ತಿರುತ್ತಾನೆ. ಅವನಿಗೆ ನನ್ನ ಸಲಹೆ, ಟ್ರಸ್ಟಿಗಳ ಜೊತೆ ವೀಡಿಯೊ ಕಾಲ್ ಮಾಡುವ ಬದಲು ಇಲ್ಲಿನ ರಾತ್ರಿ ಹತ್ತರ ಮೇಲೆ ವಾರ್ಡಿಗೆ ಫೋನ್ ಮಾಡು. ಎತ್ತಿದವರನ್ನು ಕೇಳು: ನಡುರಾತ್ರಿ ನೋವು ಹೆಚ್ಚಾದರೆ ಏನು ಮಾಡುತ್ತೀರಿ? "ಹೆಚ್ಚುವರಿ ಡೋಸ್ ಇಷ್ಟು ಕೊಡಬೇಕು ಅಂತ ಡಾಕ್ಟರು ಮೊದಲೇ ಬರೆದಿಟ್ಟಿರುತ್ತಾರೆ, ನಾವೇ ಕೊಡ್ತೀವಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡ್ತೀವಿ" ಎಂದರೆ ಒಳ್ಳೆಯದು. "ಬೆಳಗ್ಗೆ ಡಾಕ್ಟರು ಬಂದಮೇಲೆ" ಎಂದರೆ ಕೊಳ ಎಷ್ಟೇ ಚೆನ್ನಾಗಿರಲಿ, ಬೇರೆ ಕಡೆ ವಿಚಾರಿಸು. ನೋವು ಹಗಲಿಗಿಂತ ರಾತ್ರಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಸಂದರ್ಶಕರೂ ಟ್ರಸ್ಟಿಗಳೂ ಬರುವುದು ಹಗಲಿನಲ್ಲಿ.

ಹೀಗೆಲ್ಲ ಪ್ರಶ್ನೆ ಕೇಳಿದರೆ ಪುಕ್ಕಟೆ ಸೇವೆ ಮಾಡುವವರ ಮನಸ್ಸು ನೋಯುವುದಿಲ್ಲವೇ ಎಂದು ಓದುಗರು ಕೇಳಬಹುದು. ಕೆಲವರಿಗೆ ನೋಯಬಹುದು. ಸಂಬಳ ಕಡಿಮೆ, ವಾರಕ್ಕೆ ಹಲವು ಸಾವು ನೋಡಬೇಕು, ಅದರ ಮೇಲೆ ಇವರ ತನಿಖೆ ಬೇರೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಆ ಸಿಸ್ಟರುಗಳ ಪರವಾಗಿಯೂ ಈ ಪ್ರಶ್ನೆಗಳನ್ನು ಕೇಳಬೇಕಿದೆ. ರಾತ್ರಿ ಪಾಳಿಗೆ ಒಬ್ಬರೇ ಏಕೆ, ಇಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಯಾರೂ ಏಕೆ ನಿಲ್ಲುತ್ತಿಲ್ಲ, ಅವರ ದುಃಖ ಕೇಳುವವರು ಯಾರು ಎಂದು ಹೊರಗಿನವರು ವಿಚಾರಿಸದಿದ್ದರೆ ಸೇವಾಭಾವ ಎಂಬ ಹೆಸರಿನಲ್ಲಿ ಅದೆಲ್ಲ ಮುಚ್ಚಿಹೋಗುತ್ತದೆ.

ಕೊನೆಯದಾಗಿ ಕೇಳಬೇಕಾದ್ದು, ಯಾರನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು. ನಮ್ಮ ಹಾಸ್ಪೈಸ್‌ಗಳಲ್ಲಿ ಹಲವು ಕ್ಯಾನ್ಸರ್ ರೋಗಿಗಳಿಗಷ್ಟೇ ಮೀಸಲು. ಕಿಡ್ನಿ ಸೋತವರು, ಪಾರ್ಶ್ವವಾಯು ಬಡಿದು ಮಲಗಿದವರು, ಡಿಮೆನ್ಶಿಯಾದ ಕೊನೆಯ ಹಂತದವರು ಬಾಗಿಲಿನಿಂದಲೇ ಹಿಂದಿರುಗಬೇಕು. ಹಾಸಿಗೆ ಇರುವುದೇ ಇಷ್ಟು ಎಂದಮೇಲೆ ನಿಯಮ ಬೇಕೇ ಬೇಕು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಇಲ್ಲ ಎಂದು ಹೇಳಿದಮೇಲೆ ಆ ಮನುಷ್ಯನಿಗೆ ಏನು ಮಾಡಿದಿರಿ ಎಂಬುದಷ್ಟೇ ನನ್ನ ಪ್ರಶ್ನೆ. ಕೆಲವು ಕಡೆ ಕೂರಿಸಿ ನೋವಿಗೆ ಔಷಧ ಬರೆದುಕೊಟ್ಟು, ಯಾವ ಆಸ್ಪತ್ರೆಯಲ್ಲಿ ಯಾವ ವಾರ ಪ್ಯಾಲಿಯೇಟಿವ್ ಕ್ಲಿನಿಕ್ ಇದೆ ಎಂದು ಚೀಟಿ ಕೊಟ್ಟು ಕಳಿಸುತ್ತಾರೆ, ವಾರ ಬಿಟ್ಟು ಫೋನ್ ಮಾಡಿ ವಿಚಾರಿಸುತ್ತಾರೆ. ಕೆಲವು ಕಡೆ ಸೆಕ್ಯುರಿಟಿಯವನೇ ಕೈ ಅಲ್ಲಾಡಿಸಿ ಆಟೊ ತಿರುಗಿಸಿ ಕಳಿಸುತ್ತಾನೆ.