ಪಿಕಪ್ ತಗ್ಗಿಸಿದರೆ ಕುಲುಕಾಟ ತಗ್ಗದು

ಮೂಡಿಗೆರೆಯ ನಮ್ಮ ತೋಟಕ್ಕೆ ಬಂದ ತಂಗಿಯ ಮಗ ತನ್ನ ಫೋರ್ ವೀಲ್ ಡ್ರೈವ್ ಪಿಕಪ್ಪಿನ ಎತ್ತರ ತಗ್ಗಿಸುತ್ತಾನಂತೆ. ಕುಲುಕಾಟ ಕಡಿಮೆಯಾಗುತ್ತದೆಂದು ಯಾರೋ ಹೇಳಿದ್ದಾರೆ. ಬೇಡ ಮಾರಾಯ ಎಂದೆ. ಅವನಂತೆ ಯೋಚಿಸುವವರಿಗೂ ಅದನ್ನೇ ಹೇಳುತ್ತೇನೆ.

ಪಿಕಪ್ಪಿನ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಹೊರೆಗೆಂದೇ ಇರುವಂಥವು. ಕಾಫಿ ಚೀಲ ತುಂಬಿದಾಗ ಅವು ಬಾಗಿ ಗಾಡಿ ಮೆತ್ತಗೆ ಸಾಗುತ್ತದೆ. ಖಾಲಿ ಇದ್ದಾಗ ಅಷ್ಟಾಗಿ ಬಾಗುವುದಿಲ್ಲ, ಅದಕ್ಕೇ ಬೆನ್ನು ನೋವು. ಪ್ಲೇಟನ್ನು ಆಕ್ಸಲಿನ ಅಡಿಗೆ ಕಟ್ಟಿ ಗಾಡಿ ಇಳಿಸಿದರೆ ಅದರ ಬಿಗಿ ಹಾಗೇ ಉಳಿದು, ಚಕ್ರ ಮೇಲೇಳುವ ಜಾಗ ಕಿರಿದಾಗುತ್ತದೆ. ದೊಡ್ಡ ಗುಂಡಿ ಸಿಕ್ಕರೆ ಆಕ್ಸಲ್ ರಬ್ಬರ್ ಸ್ಟಾಪಿಗೆ ಧಡ್ಡೆಂದು ಬಡಿಯುತ್ತದೆ. ಮುಂದಿನ ಕಾಯಿಲ್ ಸ್ಪ್ರಿಂಗ್ ಕತ್ತರಿಸಿದರಂತೂ ಅದು ಇನ್ನೂ ಗಡುಸು. ಪ್ರೊಪೆಲರ್ ಶಾಫ್ಟಿನ ಕೋನ ಕೆಟ್ಟರೆ ಅದರ ಕೀಲಿನ ಕ್ರಾಸುಗಳು ಬೇಗ ಸವೆಯುತ್ತವೆ.

ನಮ್ಮ ಕಡೆ ಗಾಡಿಗೆ ಎತ್ತರವೂ ಬೇಕು. ಆಷಾಢದ ಮಳೆಯಲ್ಲಿ ತೋಟದ ಆಳುಗಳ ಲೈನ್ ಮನೆಯಿಂದ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಇಂಥ ಎತ್ತರದ ಗಾಡಿಯೇ. ಆ ಎತ್ತರವನ್ನು ಸುಮ್ಮನೆ ಕಳೆಯುವುದು ನನಗೆ ಸಹಿಸಲಾಗದ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ.

ಕುಲುಕಾಟ ತಗ್ಗಬೇಕಾದರೆ ಮೊದಲು ಟೈರಿನ ಗಾಳಿ ನೋಡಿ. ಖಾಲಿ ಓಡಾಟಕ್ಕೂ ಪೂರ್ತಿ ಲೋಡಿನಷ್ಟೇ ಗಾಳಿ ತುಂಬಿಸಿಕೊಂಡು ತಿರುಗುವವರೇ ಹೆಚ್ಚು. ಖಾಲಿ ಗಾಡಿಗೆ ಎಷ್ಟು ಬೇಕೆಂದು ಕಂಪನಿಯ ಪುಸ್ತಕದಲ್ಲಿರುತ್ತದೆ. ಆಮೇಲೆ ಸವೆದ ಬುಷ್, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್ ಬದಲಿಸಿ. ತಗ್ಗಿಸುವ ದುಡ್ಡನ್ನು ಒಳ್ಳೆಯ ಶಾಕ್ ಅಬ್ಸಾರ್ಬರಿಗೆ ಹಾಕು ಎಂದು ಹುಡುಗನಿಗೂ ಹೇಳಿದ್ದೇನೆ.