ಕರುಳಿನ ಎರಡು ಬಾಗಿಲು

ರಾಯಬಾಗ ತಾಲ್ಲೂಕಿನ ಹಾರೂಗೇರಿ ಕಬ್ಬಿನ ಸೀಮೆ. ಆ ಸೀಮೆಯ ಕೃಷ್ಣೆ, 2019ರ ಆಗಸ್ಟಿನಲ್ಲಿ ಉಕ್ಕಿದಂತೆ, ಉಕ್ಕಿದಾಗಲೆಲ್ಲ ದಡದ ಬಾವಿಗಳಿಗೆ ಕೊಳೆನೀರು ಸೇರುವ ಭಯ. ಅಂಥ ನೀರಿನಲ್ಲಿ ಬರಬಹುದಾದ ಕರೆಯದ ಅತಿಥಿಗಳಲ್ಲಿ ಕಾಲರಾ ರೋಗಾಣುವೂ ಒಂದು.

ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಈ ಅಣುಜೀವಿಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲಿಯೇ ಸಾಯುತ್ತವೆ. ಉಳಿದವು ಬಾಲ ಬೀಸುತ್ತ ಲೋಳೆಯನ್ನು ಈಜಿ ದಾಟಿ, ನವುರಾದ ಎಳೆಗಳಿಂದ ಒಂದಕ್ಕೊಂದು ಹೆಣೆದುಕೊಂಡು ಸಣ್ಣಕರುಳಿನ ಗೋಡೆಯ ಮೇಲೆ ಬಿಡಾರ ಹೂಡುತ್ತವೆ. ಸೋಜಿಗವೆಂದರೆ, ಅವು ಜೀವಕೋಶದೊಳಕ್ಕೆ ನುಗ್ಗುವುದಿಲ್ಲ. ಹೊರಗೆ ಕುಳಿತೇ ವಿಷವೊಂದನ್ನು ಒಳಗೆ ಕಳುಹಿಸುತ್ತವೆ. ಆ ವಿಷ ಕೋಶದ ತೂಬೊಂದನ್ನು ಮುಚ್ಚದಂತೆ ತೆರೆದಿಡುತ್ತದೆ. ಲವಣಾಂಶ ಹೊರಕ್ಕೆ ಹರಿಯುತ್ತದೆ. ಅದರ ಬೆನ್ನಿಗೆ ನೀರು. ಕೆಲವೇ ಗಂಟೆಗಳಲ್ಲಿ ದೇಹ ಬತ್ತಿಹೋಗುತ್ತದೆ. ಈ ವಿಷದ ಇರವನ್ನು 1959ರಲ್ಲಿ ಕಲಕತ್ತೆಯಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟವರು ಡಾ. ಶಂಭುನಾಥ ಡೇ.

ಆದರೆ ವಿಷ ಕೆಡಿಸಲಾರದ ಇನ್ನೊಂದು ಬಾಗಿಲಿದೆ. ಗ್ಲೂಕೋಸು ಬಂದರೆ ಅದು ತೆರೆದು, ಜೊತೆಗೆ ಉಪ್ಪಿನ ಸೋಡಿಯಮ್ಮನ್ನೂ ಒಳಗೆ ಬಿಡುತ್ತದೆ; ನೀರು ಹಿಂಬಾಲಿಸುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ನಿರಾಶ್ರಿತರಿಗೆ ಗ್ಲೂಕೋಸು, ಲವಣ ಬೆರೆತ ನೀರು ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಕಾಯಿಸಿ ಆರಿಸಿದ 1 ಲೀಟರ್ ನೀರು, ಮಟ್ಟಸವಾಗಿ ಅಳೆದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು: ಔಷಧದಂಗಡಿಯ ಪೊಟ್ಟಣ ಸಿಗದಿದ್ದಾಗ, ವೈದ್ಯರ ಬಳಿಗೆ ಹೋಗುವ ದಾರಿಯಲ್ಲಿ ಜೀವ ಹಿಡಿದಿಡಲು ಇಷ್ಟು ಸಾಕು. ಕಬ್ಬಿನ ಸೀಮೆಯ ಅಡುಗೆಮನೆಯಲ್ಲಿ ಸಕ್ಕರೆಗೆ ಬರವೇ?