ಬೆರಳಿಗೆ ಚುರ್ ಅನ್ನಲಿಲ್ಲ ಅಂದ್ರೆ ಏನೂ ಆಗಿಲ್ಲ ಅಂತಾನಾ?

(1/4)
"ಗುರೂ, ಈ ರಿಸ್ಟ್ ಸ್ಟ್ರ್ಯಾಪ್ ಎಲ್ಲಾ ಬರೀ ಶೋ. ನಾನು ಐವತ್ತು ಫೋನ್ ಬಿಚ್ಚಿದೀನಿ, ಒಂದೂ ಸತ್ತಿಲ್ಲ."

ಮೊನ್ನೆ ಲ್ಯಾಬಲ್ಲಿ ಈ ಮಾತಿಗೆ ಎಲ್ರೂ ನಕ್ಕರು. ಈ ಜನವರಿ ತನಕ ನಾನೂ ಹಾಗೇ ನಗ್ತಿದ್ದೆ.

ಜನವರಿಯಲ್ಲಿ ನಮ್ಮ ಹಾಸ್ಟೆಲ್‌ನ ಬಿ.ಎ. ಹುಡುಗನೊಬ್ಬನ ಫೋನ್ ಬಿದ್ದು ಡಿಸ್‌ಪ್ಲೇ ಒಡೀತು. ಅವನಿಗೆ ಕಣ್ಣು ಕಾಣಲ್ಲ. "ನಿಂಗ್ಯಾಕೋ ಡಿಸ್‌ಪ್ಲೇ?" ಅಂತ ರೂಮಲ್ಲಿ ಒಬ್ಬ ಜೋಕ್ ಹೊಡೆದ. ನಾನು ಹೀರೋ ಥರ "ಬಿಡು, ನಾನೇ ಹಾಕ್ಕೊಡ್ತೀನಿ" ಅಂದೆ.

ಚಿತ್ರದುರ್ಗದ ಒಣ ಚಳಿಗಾಳಿ. ಸ್ವೆಟರ್ ತೆಗೆದ್ರೆ ಚಟಚಟ ಸದ್ದು. ಪಾಲಿಯೆಸ್ಟರ್ ರಗ್ಗಿನ ಮೇಲೆ ಕೂತು ಫೋನ್ ಬಿಚ್ಚಿದೆ. ಸ್ಟ್ರ್ಯಾಪ್ ನನ್ನ ಬ್ಯಾಗಲ್ಲೇ ಇತ್ತು. ಡಿಸ್‌ಪ್ಲೇ ಹಾಕಿದೆ, ಆನ್ ಆಯ್ತು, ಟಚ್ ಸೂಪರ್. ಅಂಗಡಿ ಕೂಲಿ ಉಳಿಸಿದೆ ಅಂತ ಅವನ ಹತ್ರ ಟೀ ಬೇರೆ ಕುಡಿದೆ.

ಒಂಬತ್ತನೇ ದಿನ ಟಚ್ ಸತ್ತುಹೋಯ್ತು.

(2/4)
ಆ ಜೋಕಿಗೆ ಉತ್ತರ ಕೊಡ್ಬೇಕು.

ಅವನು ಬಳಸೋದು ಟಾಕ್‌ಬ್ಯಾಕ್. ಸ್ಕ್ರೀನ್ ಮೇಲೆ ಏನಿದೆಯೋ ಅದನ್ನ ಫೋನ್ ಓದಿ ಹೇಳುತ್ತೆ, ಕನ್ನಡದಲ್ಲೂ. ಬೆರಳು ಬಲಕ್ಕೆ ಸರಿಸಿದ್ರೆ ಮುಂದಿನದಕ್ಕೆ ಹೋಗುತ್ತೆ, ಎರಡು ಸಲ ತಟ್ಟಿದ್ರೆ ಒತ್ತಿದ ಹಾಗೆ. ಅಂದ್ರೆ ಆ ಗಾಜಿನ ಬೆಳಕು ಅವನಿಗೆ ಬೇಡ, ಅದರ ಟಚ್ ಮಾತ್ರ ನಮಗಿಂತ ಹತ್ತು ಪಟ್ಟು ಬೇಕು. ಟಚ್ ಹೋದ ಮೇಲೆ ಫೋನ್ ಮಾತಾಡ್ತಾನೇ ಇತ್ತು, ಅವನು ಹೇಳಿದ್ದು ಕೇಳ್ತಿರಲಿಲ್ಲ.

ಮಾರನೇ ದಿನ ಅವನಿಗೆ ಇಂಟರ್ನಲ್ಸ್. ಸ್ಕ್ರೈಬ್ ನಂಬರ್ ಆ ಫೋನಲ್ಲಿ, ನೋಟ್ಸ್ ಆ ಫೋನಲ್ಲಿ, ಬಸ್ಸಿನ ದುಡ್ಡು ಯುಪಿಐನಲ್ಲಿ. ನಮ್ಮ ಫೋನ್ ಕೆಟ್ರೆ ಒಂದು ದಿನ ರೀಲ್ಸ್ ಇಲ್ಲ, ಅಷ್ಟೇ. ಅವನು ಮಂಚದ ಮೇಲೆ ಸುಮ್ಮನೆ ಕೂತುಬಿಟ್ಟಿದ್ದ. ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಕೊನೆಗೆ ದಾರಿ ಹೇಳಿದ್ದೂ ಅವನೇ: "ಕಂಪ್ಯೂಟರ್ ಕೀಬೋರ್ಡ್ ತಾ, ಓಟಿಜಿಗೆ ಹಾಕು." ಟಾಕ್‌ಬ್ಯಾಕ್ ಕೀಬೋರ್ಡಿಂದಲೂ ನಡೆಯುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದೋ ನನಗೆ ಗೊತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಸ್ಕ್ರೈಬ್‌ಗೆ ಕಾಲ್ ಹೋಯ್ತು.

(3/4)
ಈಗ ಐವತ್ತು ಫೋನ್ ಸರದಾರನ ವಿಷಯಕ್ಕೆ ಬರೋಣ.

ಸ್ಟ್ಯಾಟಿಕ್ ಹೊಡೆದದ್ದು ನಮ್ಮ ಬೆರಳಿಗೆ ಗೊತ್ತಾಗ್ಬೇಕಂದ್ರೆ ಸುಮಾರು 3000 ವೋಲ್ಟ್ ಬೇಕು. ಸೂಕ್ಷ್ಮವಾದ ಕೆಲವು ಚಿಪ್‌ಗಳು ಹಾಳಾಗೋಕೆ 100 ವೋಲ್ಟ್ ಕೂಡ ಬೇಡ. ಇವೆರಡರ ನಡುವೆ ನಡೆಯೋ ಅನಾಹುತ ನಿನಗೆ ಗೊತ್ತೇ ಆಗಲ್ಲ. ಏಟು ತಿಂದ ಚಿಪ್ ಆಗಲೇ ಸಾಯ್ಬೇಕು ಅಂತಲೂ ಇಲ್ಲ. ಅರೆಜೀವವಾಗಿ ಸ್ವಲ್ಪ ದಿನ ಕೆಲಸ ಮಾಡಿ ಆಮೇಲೆ ಕೈಕೊಡಬಹುದು. ಐವತ್ತರಲ್ಲಿ ಒಂದೂ ಸತ್ತಿಲ್ಲ ಅಂತೀಯಲ್ಲ, ಮೂರು ತಿಂಗಳು ಬಿಟ್ಟು ಎಷ್ಟು ಜನಕ್ಕೆ ಫೋನ್ ಮಾಡಿ ಕೇಳಿದೀಯ? ಕೆಟ್ಟ ಫೋನ್ ನಿನ್ನ ಹತ್ರ ವಾಪಸ್ ಬರಲ್ಲ ಮಾರಾಯ, ಬೇರೆ ಅಂಗಡಿಗೆ ಹೋಗುತ್ತೆ.

"ನಿನ್ನ ಕೇಸಲ್ಲಿ ಡಿಸ್‌ಪ್ಲೇನೇ ಡೂಪ್ಲಿಕೇಟ್ ಇರಬಹುದು" ಅಂತೀಯಾ? ಇರಬಹುದು. ನಾನು ಸ್ಟ್ರ್ಯಾಪ್ ಕಟ್ಟಿದ್ರೆ ಅದನ್ನ ಧೈರ್ಯವಾಗಿ ಹೇಳ್ತಿದ್ದೆ. ಕಟ್ಟದೇ ಇದ್ದಿದ್ದಕ್ಕೆ ಆ ಬಾಯೂ ನನಗಿಲ್ಲ.

ಕಟ್ಟಿದ್ರೂ ಸುಮ್ಮನೆ ಕಟ್ಟಿದ್ರೆ ಸಾಲದು. ಕ್ಲಿಪ್ ಗಾಳಿಯಲ್ಲಿ ನೇತಾಡ್ತಿದ್ರೆ ಅದು ಬಳೆ ಅಷ್ಟೇ, ಅರ್ಥಿಂಗ್‌ಗೆ ಸೇರಿರ್ಬೇಕು. ಅದರೊಳಗೆ 1 ಮೆಗಾಓಮ್ ರೆಸಿಸ್ಟರ್ ಇರೋದು ನಿನ್ನ ಜೀವ ಉಳಿಸೋಕೆ, ಹಾಗಾಗಿ ಬರೀ ವೈರ್ ಸುತ್ಕೊಂಡು ಜುಗಾಡ್ ಮಾಡ್ಬೇಡ. ನೀಲಿ ಮ್ಯಾಟ್‌ಗಳೆಲ್ಲ ಆಂಟಿ-ಸ್ಟ್ಯಾಟಿಕ್ ಅಲ್ಲ, ಬಹಳಷ್ಟು ಬರೀ ಬಿಸಿ ತಡೆಯೋಕೆ. ಮಾಮೂಲಿ ಬಬಲ್ ರ‍್ಯಾಪ್ ತಾನೇ ಸ್ಟ್ಯಾಟಿಕ್ ಹುಟ್ಟಿಸುತ್ತೆ, ಬೋರ್ಡನ್ನ ಅದರಲ್ಲಿ ಸುತ್ತಿಡಬೇಡ. ಇನ್ನು ಹಾಸಿಗೆ ಮೇಲೆ ರಿಪೇರಿ ಮಾಡೋ ರೀಲ್ ಹಾಕೋರಿಗೆ ನಾನು ಲೈಕ್ ಕೊಡಲ್ಲ, ಯಾರೇ ಆಗಿರಲಿ.

(4/4)
ಸ್ಟ್ರ್ಯಾಪ್ ನೋಡಿ ನಕ್ಕ ಅದೇ ಬ್ಯಾಚಿನ ಮಿನಿ ಪ್ರಾಜೆಕ್ಟ್ ಆ್ಯಪನ್ನ ನಾನು ಅವನ ಕೈಗೆ ಕೊಟ್ಟೆ. ಟಾಕ್‌ಬ್ಯಾಕ್ ಓದಿದ್ದು: ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್. ಒಂದೊಂದು ಬಟನ್ನಿಗೆ ಒಂದೇ ಸಾಲು ಕೋಡ್ ಸಾಕಿತ್ತು. ನಮಗೆ ಐಕಾನ್ ಕಾಣುತ್ತಲ್ಲ, ಹಾಗಾಗಿ ನೆನಪೇ ಆಗಲಿಲ್ಲ. (ನಾನೂ ಅದೇ ಟೀಮಲ್ಲಿದ್ದೆ. ನಗಬೇಡಿ.) ದಿನಬಳಕೆಯ ಎಲೆಕ್ಟ್ರಾನಿಕ್ ಸಾಮಾನು ಎಲ್ಲರೂ ಬಳಸೋ ಥರ ಸಿಗೋ ಹಾಗೆ ಸರ್ಕಾರ ನೋಡ್ಕೊಬೇಕು ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಆ ಸಾಮಾನು ಮಾಡೋರು, ಬಿಚ್ಚೋರು ನಾಳೆ ನಾವೇ ತಾನೇ?

ಎರಡನೇ ಡಿಸ್‌ಪ್ಲೇ ನನ್ನ ದುಡ್ಡಲ್ಲೇ ತಂದೆ. ಲ್ಯಾಬ್ ಬೆಂಚಲ್ಲಿ ಸ್ಟ್ರ್ಯಾಪ್ ಕಟ್ಟಿ, ಕ್ಲಿಪ್ ಹಾಕಿ, ಅರ್ಥಿಂಗ್ ಸರಿಯಿದೆಯಾ ಅಂತ ಎರಡೆರಡು ಸಲ ನೋಡಿ ಕೂರಿಸಿದೆ. ವಾಪಸ್ ಕೊಡೋ ಮುಂಚೆ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದು ಟಾಕ್‌ಬ್ಯಾಕ್ ಆನ್ ಮಾಡಿದೆ. ಕಣ್ಣು ಮುಚ್ಕೊಂಡು ಅವನ ನಂಬರಿಂದ ನನ್ನ ನಂಬರಿಗೆ ಕಾಲ್ ಮಾಡೋಕೆ ನೋಡಿದೆ. ನಾಲ್ಕು ನಿಮಿಷ ಹಿಡೀತು. ಪಕ್ಕದಲ್ಲೇ ನಿಂತು ಕೇಳಿಸ್ಕೊಳ್ತಿದ್ದ ಅವನು, "ಇಷ್ಟೊತ್ತಾ?" ಅಂದ.